ಅಟ್ಟದಲ್ಲಿ ಸಿಕ್ಕ ಅಮ್ಮನ ಲೆದರ್ ಬ್ಯಾಗು, ಮೈತುಂಬಾ ಬಿಳಿ ಪುಡಿ. ಏನು ಮಾಡಲಿ?

ಮಳೆಗಾಲದ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಸಾಗರ ಪೇಟೆಯ ಹತ್ತಿರ ಹೆಂಚಿನ ಮನೆ. ಮಾಡು ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರಂಕಿನಲ್ಲಿ ಅಮ್ಮನ ಹಳೇ ಲೆದರ್ ಬ್ಯಾಗ್ ಸಿಕ್ಕಿತು. 1983-84ರ ಸುಮಾರಿನದು ಇರಬೇಕು, ಆಗಿನ ಒಂದು ಮದುವೆ ಫೋಟೋದಲ್ಲಿ ಅಮ್ಮನ ಹೆಗಲಲ್ಲಿ ಇದೇ ಬ್ಯಾಗ್ ಇದೆ. ಅಮ್ಮ ಆಗ ಹೈಸ್ಕೂಲಿನಲ್ಲಿ ಟೀಚರ್.

ಈಗಿನ ಸ್ಥಿತಿ ಹೇಳುತ್ತೇನೆ. ಮೈತುಂಬಾ ಬಿಳಿ ಪುಡಿ, ಬೂಷ್ಟು ಅಂತ ಕಾಣುತ್ತದೆ. ಹೆಗಲಪಟ್ಟಿ ಎರಡು ಕಡೆ ಬಿರುಕು ಬಿಟ್ಟಿದೆ. ಹಿತ್ತಾಳೆ ಗುಂಡಿಯ ಸುತ್ತ ಹಸಿರು ಮೇಣದಂಥದ್ದು ಕೂತಿದೆ. ಮುಚ್ಚಳದ ಒಳಬದಿಯಲ್ಲಿ ಪೆನ್ನಿನಲ್ಲಿ ಏನೋ ಬರೆದಿದೆ, ಆದರೆ ಬಿಳಿ ಪುಡಿಯಲ್ಲಿ ಓದಲಾಗುತ್ತಿಲ್ಲ. ವಾಸನೆ ಬಗ್ಗೆ ಕೇಳಲೇಬೇಡಿ.

ಮುಂದಿನ ತಿಂಗಳು ಅಮ್ಮನಿಗೆ 70 ತುಂಬುತ್ತದೆ. ಸರಿಮಾಡಿ ಕೈಗೆ ಕೊಡಬೇಕು ಅಂತ ಆಸೆ. ಹಾಗಾಗಿ ಅವರನ್ನೇ ಕೇಳುವ ಹಾಗಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಗುಂಡುರಾಯ
ಕೊಬ್ಬರಿ ಎಣ್ಣೆ ಹಚ್ಚಿ, ಒಂದು ದಿನ ಬಿಸಿಲಿಗೆ ಇಡಿ. ಮುಗೀತು.

ಜರ್ಸಿ_ಜಯಾ
ಅಯ್ಯೋ ಬಿಸಿಲಿಗೆ ಬೇಡ! ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಕೋಚ್ ಅನ್ನುವ ಅಮೆರಿಕನ್ ಕಂಪನಿಯ ಹಳೇ ಬ್ಯಾಗ್ ಹುಡುಕುವುದು ನನ್ನ ಹುಚ್ಚು. ಹೋದ ವರ್ಷ 12 ಡಾಲರ್‌ಗೆ ಅವರ ವಿಲ್ಲಿಸ್ ಅನ್ನುವ ಮಾದರಿ ಒಂದು ಸಿಕ್ಕಿತು, ಕಸದ ಬುಟ್ಟಿಯಿಂದ ತೆಗೆದ ಹಾಗಿತ್ತು. ಈಗ ನೋಡಿದವರು ಹೊಸದು ಅಂತಾರೆ.

ನಾನು ಮಾಡುವುದು ಹೀಗೆ. ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬ್ಯಾಗನ್ನು ಪೂರ್ತಿ ಮುಳುಗಿಸುವುದು. ಹೌದು, ಪೂರ್ತಿ! ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ ಟೀ ಬಣ್ಣದ ನೀರು ಇಳಿಯುತ್ತದೆ. ಎರಡು ಮೂರು ಸಲ ಒಳ್ಳೇ ನೀರಲ್ಲಿ ಜಾಲಿಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಒಳಗೆ ಹಳೇ ಟವೆಲ್ ತುರುಕಿ ಆಕಾರಕ್ಕೆ ತಂದು ನೆರಳಲ್ಲಿ ಒಣಗಿಸಬೇಕು. ಮೂರು ನಾಲ್ಕು ದಿನ ಬೇಕು. ಇನ್ನೂ ಸ್ವಲ್ಪ ತಂಪು ಇರುವಾಗಲೇ ಲೆದರ್ ಕಂಡೀಷನರ್ ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಮಧ್ಯೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ಹೆದರಬೇಡಿ, ಕಂಡೀಷನರ್ ಕುಡಿದು ಮತ್ತೆ ಮೆತ್ತಗಾಗುತ್ತದೆ. ಮೊದಲ ಸಲ ನಾನು ಅತ್ತೇಬಿಟ್ಟಿದ್ದೆ.

ಬೆಳಗಾವಿ_ಬಸು
ನಿಲ್ರಿ ನಿಲ್ರಿ. ಬ್ಯಾಗ್ ಯಾವ ಚರ್ಮದ್ದು ಅಂತ ಗೊತ್ತಿಲ್ಲದೆ ಬಕೆಟ್ ತರಬೇಡ್ರಿ. ನಮ್ಮ ಕಡೆ ಒಂದು ಹೊಸ ಕೊಲ್ಹಾಪುರಿ ಚಪ್ಪಲಿನ ಒಂದು ರಾತ್ರಿ ನೀರಾಗ ಬಿಟ್ಟು ನೋಡ್ರಿ, ಬೆಳಿಗ್ಗೆ ಅದು ಚಪ್ಪಲಿ ಅಲ್ಲ, ನೆನೆದ ರಟ್ಟು.

ರಟ್ಟು_ರಿಪೇರಿ
ಬಸು ಅವರು ಹೇಳಿದ್ದು ಸರಿ. ನಾನು ಹಳೇ ಪುಸ್ತಕಗಳ ಚರ್ಮದ ಹೊದಿಕೆ ಸರಿಮಾಡುವ ಕೆಲಸದಲ್ಲಿದ್ದೇನೆ. ಬ್ಯಾಗ್ ನನ್ನ ಕ್ಷೇತ್ರ ಅಲ್ಲ, ಆದರೆ ಚರ್ಮ ಚರ್ಮವೇ.

ಮೊದಲು, ಆ ಬಿಳಿ ಪುಡಿ ಬೂಷ್ಟೇ ಅಂತ ಖಾತ್ರಿನಾ? ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಬಿಳಿಯಾಗಿ ಕೂರುವುದೂ ಉಂಟು, ನೋಡಲು ಎರಡೂ ಒಂದೇ ಥರ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು ಒಂದು ಮೂಲೆಗೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು. ಹಾಗೇ ಇದ್ದರೆ ಬೂಷ್ಟು.

ಎರಡನೆಯದು, ಬಿರುಕು ಬಿಟ್ಟ ಜಾಗವನ್ನು ಬಿಳಿ ಬಟ್ಟೆಯಿಂದ ಮೆಲ್ಲಗೆ ಮುಟ್ಟಿ ನೋಡಿ. ಇಟ್ಟಿಗೆ ಬಣ್ಣದ ಪುಡಿ ಬಂದರೆ ಅದು ಕೆಂಪು ಕೊಳೆ. ತೊಗಟೆ ಹಾಕಿ ಹದ ಮಾಡಿದ ಚರ್ಮಕ್ಕೆ ಬರುವ ಕಾಯಿಲೆ, ಗಾಳಿಯಲ್ಲಿನ ಗಂಧಕದ ಹೊಗೆಯಿಂದ ಆಮ್ಲ ಹೆಚ್ಚಾಗಿ ನಾರೇ ಪುಡಿಯಾಗಿಬಿಡುತ್ತದೆ. ಅದನ್ನು ಹಿಂದಕ್ಕೆ ತರಲು ಆಗುವುದಿಲ್ಲ, ಅಂಟಿನಂಥ ದ್ರಾವಣ ಕುಡಿಸಿ ಇನ್ನಷ್ಟು ಉದುರದಂತೆ ಹಿಡಿದಿಡಬಹುದು ಅಷ್ಟೇ. ಅದರ ಮೇಲೆ ನೀರು ಬಿದ್ದರೆ ಕಪ್ಪಾಗಿ ಬಿರುಸಾಗುತ್ತದೆ.

ಮೂರನೆಯದು, ಬ್ಯಾಗ್ ನೋಡಲು ಹೇಗಿದೆ? ಬಣ್ಣ, ಅಂಚು, ಒಳಗಿನ ಬಟ್ಟೆ ಎಲ್ಲ ಹೇಳಿ.

ಗುಂಡುರಾಯ
ಒಂದು ಬ್ಯಾಗಿಗೆ ಇಷ್ಟೊಂದು ಪೋಸ್ಟ್‌ಮಾರ್ಟಮ್ಮಾ? ನಮ್ಮಪ್ಪ ಬೆಲ್ಟಿಗೆ, ಚಪ್ಪಲಿಗೆ, ತಲೆಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆನೇ ಹಾಕುತ್ತಿದ್ದರು. ಎಲ್ಲವೂ ಚೆನ್ನಾಗಿತ್ತು.

ಸುಮ್ನೆ_ಓದ್ತೀನಿ
ತಲೆನೂ?

ಗುಂಡುರಾಯ
ಅದೊಂದು ಬಿಟ್ಟು.

ಮಳೆಗಾಲದ_ಮನೆ
ಡ್ರೈಯರ್ ಪರೀಕ್ಷೆ ಮಾಡಿದೆ. ಕರಗಲಿಲ್ಲ, ಬೂಷ್ಟೇ. ಇಟ್ಟಿಗೆ ಪುಡಿ ಬರಲಿಲ್ಲ, ದೇವರು ದೊಡ್ಡವನು.

ಬ್ಯಾಗು ತಿಳಿ ಕಂದು. ಮುಚ್ಚಳದ ಮೇಲೆ ಹೂವು ಬಳ್ಳಿಯ ಚಿತ್ತಾರ ಉಬ್ಬಿಕೊಂಡಿದೆ, ಅದಕ್ಕೆ ಕೆಂಪು, ಹಸಿರು, ಸ್ವಲ್ಪ ಹಳದಿ ಬಣ್ಣ ತುಂಬಿದ್ದಾರೆ. ಅಂಚಿಗೆ ಹೊಲಿಗೆ ಇಲ್ಲ, ಸಣ್ಣ ಚರ್ಮದ ದಾರವನ್ನೇ ತೂತುಗಳಲ್ಲಿ ಸುತ್ತಿ ಸುತ್ತಿ ಹೆಣೆದಿದ್ದಾರೆ. ಒಳಗೆ ಬಟ್ಟೆ ಇಲ್ಲ. ಕಂಪನಿ ಹೆಸರೂ ಇಲ್ಲ.

ಹಳೇ_ಸಾಮಾನು
ಶಾಂತಿನಿಕೇತನ ಬ್ಯಾಗ್! ಓದುತ್ತಿದ್ದ ಹಾಗೇ ನಮ್ಮ ಅತ್ತೆಯ ಬೀರು ಕಣ್ಣಮುಂದೆ ಬಂತು. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಹೆಗಲಲ್ಲಿ ಇದು ಎಷ್ಟು ಕಾಣುತ್ತಿತ್ತು ಗೊತ್ತಾ! ಯಾರಾದರೂ ಕಲ್ಕತ್ತಾ ಕಡೆ ಹೋದರೆ ರಸಗುಲ್ಲಾ ಡಬ್ಬಿ ಜೊತೆ ಈ ಬ್ಯಾಗೋ ಪರ್ಸೋ ತರಲೇಬೇಕಿತ್ತು.

ಟ್ಯಾಗೋರರು 1922ರಲ್ಲಿ ಬಂಗಾಳದ ಶಾಂತಿನಿಕೇತನದ ಪಕ್ಕದಲ್ಲೇ ಶ್ರೀನಿಕೇತನ ಶುರುಮಾಡಿದರಲ್ಲ, ಅಲ್ಲಿ ಅವರ ಮಗ ರಥೀಂದ್ರನಾಥ, ಸೊಸೆ ಪ್ರತಿಮಾದೇವಿ ಸೇರಿ ಬೆಳೆಸಿದ ಕಸುಬು ಇದು. ಆಡು ಅಥವಾ ಕುರಿ ಚರ್ಮ, ತೊಗಟೆ ಹದ. ಚರ್ಮವನ್ನು ನೆನೆಸಿ ಚಿತ್ತಾರ ಒತ್ತಿ, ಕೈಯಲ್ಲೇ ಬಣ್ಣ ತುಂಬುತ್ತಾರೆ. ಈಗ ಜಿಐ ಗುರುತೂ ಇದೆ, ಅಂದರೆ ಇದು ಆ ಊರಿನದೇ ಕಸುಬು ಅಂತ ಸರ್ಕಾರ ಕೊಡುವ ಮಾನ್ಯತೆ.

ಇದನ್ನು ದಯವಿಟ್ಟು ಬಕೆಟ್‌ಗೆ ಹಾಕಬೇಡಿ. ನೆನೆಸಿದಾಗ ಒತ್ತಿದ ಚಿತ್ತಾರ ಅಲ್ವಾ, ಮತ್ತೆ ಚೆನ್ನಾಗಿ ನೆನೆದರೆ ಚಪ್ಪಟೆ ಆಗುತ್ತದೆ. ಕೈಯಲ್ಲಿ ತುಂಬಿದ ಬಣ್ಣ ನಿಲ್ಲುತ್ತದೆ ಅಂತ ನಂಬುವ ಹಾಗೂ ಇಲ್ಲ.

ಜರ್ಸಿ_ಜಯಾ
ಸರಿ ಸರಿ, ಒಪ್ಪಿದೆ, ಬಕೆಟ್ ವಾಪಸ್ ತೆಗೆದುಕೊಂಡೆ 😄 ಕೋಚ್‌ನ ಹಳೇ ಬ್ಯಾಗುಗಳ ಕಥೆ ಬೇರೆ. ಅವಕ್ಕೆ ಒಳಬಟ್ಟೆ ಇಲ್ಲ, ರಟ್ಟು ಇಲ್ಲ, ಹಸುವಿನ ದಪ್ಪ ಚರ್ಮ. ಬೇಸ್‌ಬಾಲ್ ಗ್ಲೌಸ್ ಬಳಸಿದಷ್ಟೂ ಮೆತ್ತಗಾಗುವುದನ್ನು ನೋಡಿ ಅಂಥದ್ದೇ ಚರ್ಮದಲ್ಲಿ ಬ್ಯಾಗ್ ಮಾಡಲು ಹೊರಟ ಕಂಪನಿ ಅದು, 1941ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು. ಆ ತಿರುಗಿಸುವ ಹಿತ್ತಾಳೆ ಬೀಗ ಇದೆಯಲ್ಲ, ಅದನ್ನು ತಂದವರು ಬಾನಿ ಕ್ಯಾಶಿನ್ ಅಂತ, 1962ರಲ್ಲಿ ಡಿಸೈನರ್ ಆಗಿ ಬಂದವರು. ಅವರ ಕಾರಿನ ಬಟ್ಟೆ ಮಾಡನ್ನು ಬಿಗಿಯುವ ಕೊಂಡಿ ನೋಡಿ ಹೊಳೆದದ್ದಂತೆ.

ನಾನು ಹೇಳಿದ್ದು ಅಂಥ ಬ್ಯಾಗುಗಳಿಗೆ ಮಾತ್ರ. ಒಳಬಟ್ಟೆ ಅಂಟಿಸಿದ್ದು, ತಳಕ್ಕೆ ರಟ್ಟು ಹಾಕಿದ್ದು ಯಾವುದನ್ನೂ ಮುಳುಗಿಸಬೇಡಿ. ನನ್ನ ಗೆಳತಿಯ ಬ್ಯಾಗಿನ ತಳ ಇಡ್ಲಿ ಥರ ಉಬ್ಬಿತ್ತು.

ನೀಲಿ_ಛತ್ರಿ
ಜಯಾ ಅವರೇ, ನನ್ನ ತಂಗಿ ಅಲ್ಲಿಂದ ಒಂದು ಕೋಚ್ ತಂದಿದ್ದಾಳೆ, ಒಳಗೆ ಚರ್ಮದ ಪಟ್ಟಿಯಲ್ಲಿ ನಂಬರ್ ಇದೆ. ಅಸಲಿನಾ ನಕಲಿನಾ ಹೇಗೆ ಗೊತ್ತಾಗುತ್ತದೆ?

ಜರ್ಸಿ_ಜಯಾ
ನಂಬರ್ ಒಂದೇ ನೋಡಿ ಹೇಳಲಾಗದು, ನಕಲಿಯವರೂ ನಂಬರ್ ಒತ್ತುತ್ತಾರೆ. ತೀರಾ ಹಳೆಯವಕ್ಕೆ ನಂಬರೇ ಇಲ್ಲ. 1994ರಿಂದ ಈಚಿನವಕ್ಕೆ ತಿಂಗಳು, ವರ್ಷ, ಕಾರ್ಖಾನೆ ತಿಳಿಸುವ ಅಕ್ಷರ ಅಂಕಿ ಇರುತ್ತವೆ. ಹೊಲಿಗೆ, ಹಿತ್ತಾಳೆಯ ತೂಕ, ಚರ್ಮದ ದಪ್ಪ ನೋಡಿ. ಬೇರೆ ಚರ್ಚೆ ಶುರುಮಾಡಿ ಫೋಟೋ ಹಾಕಿ, ಇಲ್ಲಿ ಪಾಪ ಇವರ ಅಮ್ಮನ ಬ್ಯಾಗ್ ಕಾಯುತ್ತಿದೆ.

ರಟ್ಟು_ರಿಪೇರಿ
ಶಾಂತಿನಿಕೇತನದ್ದು ಅಂತಾದರೆ ನನ್ನ ಸಲಹೆ ಇಷ್ಟು. ಎಷ್ಟು ಕಡಿಮೆ ಮಾಡುತ್ತೀರೋ ಅಷ್ಟು ಒಳ್ಳೆಯದು.

ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಣ ಬ್ರಷ್‌ನಿಂದ ಬೂಷ್ಟು ಕೊಡವಿ. ಶೇವಿಂಗ್ ಬ್ರಷ್‌ನಂಥ ಮೆತ್ತನೆಯದು ಸಾಕು. ಆ ಬ್ರಷ್ ಆಮೇಲೆ ಬೇರೆ ಯಾವುದಕ್ಕೂ ಬಳಸಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಒಂದು ವಾರ ತೂಗುಹಾಕಿ. ಗಾಳಿಯ ತೇವ ನೂರಕ್ಕೆ 65-70 ದಾಟಿದರೆ ಬೂಷ್ಟು ಮತ್ತೆ ಬರುತ್ತದೆ. ನಿಮ್ಮ ಊರಲ್ಲಿ ಈಗ ಮಳೆ ಇದ್ದರೆ ಒಲೆ ಇರುವ ಕೋಣೆಯ ಆಚೆ ಗೋಡೆಗೆ ತೂಗುಹಾಕಿ, ಒಲೆ ಮೇಲೆ ಬೇಡ.

ಬೂಷ್ಟಿಗೆ ಸ್ಪಿರಿಟ್ ಒರೆಸಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ದಪ್ಪ ಪಾಲಿಶ್ ಇರುವ ಚರ್ಮಕ್ಕೆ ಪರವಾಗಿಲ್ಲ. ಇದಕ್ಕೆ ಬೇಡ. ಕೈಬಣ್ಣ ಸ್ಪಿರಿಟ್‌ನಲ್ಲಿ ಕರಗುವಂಥದ್ದಾಗಿದ್ದರೆ ಹೂವು ಪೂರ್ತಿ ಹತ್ತಿಗೆ ಬರುತ್ತದೆ.

ಹಳೇ_ಸಾಮಾನು
ಬಂದಿದೆ. ನಮ್ಮ ಅತ್ತೆಯ ಪರ್ಸಿಗೆ ನಾನೇ ಡೆಟಾಲ್ ವಾಸನೆ ಬರಲಿ ಅಂತ ಆಸ್ಪತ್ರೆ ಸ್ಪಿರಿಟ್ ಹಚ್ಚಿದ್ದೆ. ಕೆಂಪು ನವಿಲು ಈಗ ಗುಲಾಬಿ ಕೋಳಿ. ಅತ್ತೆ ಇನ್ನೂ ಮಾತು ತೆಗೆದರೆ ಅದನ್ನೇ ಎತ್ತುತ್ತಾರೆ.

ಗುಂಡುರಾಯ
ನೋಡಿದ್ರಾ. ಎಣ್ಣೆ ಹಚ್ಚಿದ್ದರೆ ಹೀಗಾಗುತ್ತಿತ್ತಾ?

ಬೆಳಗಾವಿ_ಬಸು
ರಾಯರೇ, ನಾನು ಎಣ್ಣೆ ವಿರೋಧಿ ಅಲ್ಲ. ನಮ್ಮ ಮನೆಯಲ್ಲಿ ಚಪ್ಪಲಿಗೆ ಹರಳೆಣ್ಣೆ ಹಚ್ಚುತ್ತೇವೆ, ತಲೆತಲಾಂತರದಿಂದ. ಆದರೆ ಚಪ್ಪಲಿ ದಪ್ಪ, ದಿನಾ ತುಳಿಯುತ್ತೀವಿ, ಎಣ್ಣೆ ಒಳಗೆ ಹೋಗುತ್ತದೆ, ಕಪ್ಪಾದರೂ ಯಾರೂ ಕೇಳುವುದಿಲ್ಲ. ಆಡಿನ ಚರ್ಮ ತೆಳ್ಳಗೆ. ಎಣ್ಣೆ ಒಂದು ಕಡೆ ಹಚ್ಚಿದರೆ ಇನ್ನೊಂದು ಕಡೆ ಕಲೆ ಕಾಣುತ್ತದೆ.

ಕೊಬ್ಬರಿ ಎಣ್ಣೆಯ ಇನ್ನೊಂದು ತೊಂದರೆ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಸಾಗರದ ಚಳಿಗಾಲದಾಗ ಬಾಟಲಿಯಲ್ಲೇ ಬೆಳ್ಳಗಾಗುತ್ತದೆ ಅಂದರೆ ಚರ್ಮದ ರಂಧ್ರದಾಗ ಆಗದೇ ಇರುತ್ತದಾ? ಮತ್ತೆ ಬಂದು ಇಲ್ಲೇ ಕೇಳುತ್ತಾರೆ, ಬಿಳಿ ಪುಡಿ ಬಂತು ಅಂತ.

ರಟ್ಟು_ರಿಪೇರಿ
ಜೊತೆಗೆ ಎಣ್ಣೆ ಬೂಷ್ಟಿಗೂ ಊಟ. ಮಲೆನಾಡಿನಲ್ಲಂತೂ ಬೇಡವೇ ಬೇಡ. ಆಲಿವ್ ಎಣ್ಣೆ, ಕಡಲೆಕಾಯಿ ಎಣ್ಣೆ ಇನ್ನೂ ಕೆಟ್ಟದ್ದು, ಕಮಟು ವಾಸನೆ ಬಂದು ಅಂಟಂಟಾಗುತ್ತದೆ. ಅಗಸೆ ಎಣ್ಣೆ ಒಣಗಿ ಗಾಜಿನ ಹಾಗಾಗುತ್ತದೆ.

ಗುಂಡುರಾಯ
ಹಾಗಾದರೆ ಈ ಕಂಡೀಷನರ್ ಅಂತ ಮಾರುತ್ತಾರಲ್ಲ, ಅದರಲ್ಲೇನಿದೆ, ಅಮೃತವಾ?

ಜರ್ಸಿ_ಜಯಾ
ಸಾಮಾನ್ಯವಾಗಿ ಜೇನುಮೇಣ, ಕುರಿ ಉಣ್ಣೆಯಿಂದ ಬರುವ ಲ್ಯಾನೊಲಿನ್, ಒಂದಿಷ್ಟು ಎಣ್ಣೆ. ಕೆಲವದರಲ್ಲಿ ನೀಟ್ಸ್‌ಫೂಟ್ ಎಣ್ಣೆ, ಅದು ದನದ ಕಾಲಿನ ಮೂಳೆ, ಪಾದ ಬೇಯಿಸಿ ತೆಗೆಯುವುದು. ಚಳಿಯಲ್ಲೂ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ.

ಗುಂಡುರಾಯ
ರಾಮ ರಾಮ. ಅದನ್ನು ಮನೆಯೊಳಗೆ ತರುವುದಾ!

ಸುಮ್ನೆ_ಓದ್ತೀನಿ
ಸ್ವಾಮಿ, ಬ್ಯಾಗೇ ಚರ್ಮದ್ದು.

ಹಸಿರೆಲೆ
ಅದೇ ನನ್ನ ಪ್ರಶ್ನೆ. ಇಷ್ಟೆಲ್ಲ ಪಾಡು ಪಟ್ಟು ಚರ್ಮದ ಬ್ಯಾಗನ್ನೇ ಯಾಕೆ ಉಳಿಸಬೇಕು? ಈಗ ಪ್ರಾಣಿ ಚರ್ಮ ಬಳಸದ, ಚೆನ್ನಾಗಿರುವ ವೀಗನ್ ಲೆದರ್ ಬರುತ್ತದೆ.

ಬೆಳಗಾವಿ_ಬಸು
ವೀಗನ್ ಲೆದರ್ ಅಂದರೆ ಬಹುಪಾಲು ಹಳೇ ರೆಕ್ಸಿನ್‌ಗೆ ಹೊಸ ನಾಮಕರಣ. ಆಡು ಸತ್ತು 40 ವರ್ಷ ಆಯಿತು, ಬ್ಯಾಗ್ ಬಿಸಾಕಿದರೆ ಎದ್ದು ಬರುತ್ತದಾ?

ಹಸಿರೆಲೆ
ಹಳೆಯದನ್ನು ಉಳಿಸುವುದಕ್ಕೆ ನನ್ನ ತಕರಾರಿಲ್ಲ ಬಿಡಿ. ಹೊಸದು ಕೊಳ್ಳುವವರಿಗೆ ಹೇಳಿದೆ.

ನೀಲಿ_ಛತ್ರಿ
ರೆಕ್ಸಿನ್ ಅಂದಾಗ ನೆನಪಾಯಿತು. ಮೂರು ವರ್ಷದ ಹಿಂದೆ ತಗೊಂಡ ಬ್ಯಾಗ್ ಸಿಪ್ಪೆ ಸುಲಿದ ಹಾಗೆ ಉದುರುತ್ತಿದೆ, ಸೀರೆಗೆಲ್ಲ ಕಪ್ಪು ಚೂರು. ಇದಕ್ಕೇನು ಹಚ್ಚಲಿ?

ರಟ್ಟು_ರಿಪೇರಿ
ಏನೂ ಹಚ್ಚಬೇಡಿ, ಎಸೆಯಿರಿ. ಅದು ಬಟ್ಟೆಯ ಮೇಲಿನ ಪಾಲಿಯುರಿಥೇನ್ ಪದರ. ಗಾಳಿಯ ತೇವಕ್ಕೆ ಆ ಪ್ಲಾಸ್ಟಿಕ್ಕೇ ಒಡೆದುಹೋಗುತ್ತದೆ. ಬೀರುವಿನಲ್ಲಿ ಇಟ್ಟರೂ ಉದುರುತ್ತದೆ.

ಪೇಟೆ_ಬೀದಿ
ಪಟ್ಟಿಯ ಬಿರುಕಿನ ವಿಷಯಕ್ಕೆ ಬರೋಣ. ರಸ್ತೆ ಬದಿ ಚಪ್ಪಲಿ ಹೊಲಿಯುವವರಿಗೆ ಮಾತ್ರ ಕೊಡಬೇಡಿ, ದಬ್ಬಣ ಹಾಕಿ ಗೋಣಿಚೀಲ ಹೊಲಿದ ಹಾಗೆ ಹೊಲಿದುಬಿಡುತ್ತಾರೆ. ಬೆಂಗಳೂರಿನಲ್ಲಿ ಬ್ಯಾಗ್ ಸ್ಪಾ ಅಂತಾನೇ ಇವೆ.

ಬೆಳಗಾವಿ_ಬಸು
ಈ ಮಾತು ಒಪ್ಪುವುದಿಲ್ಲ. ಹರಳಯ್ಯನ ನಾಡಿನವರು ನಾವು. ಬಸವಣ್ಣನಿಗೆ ತನ್ನ ತೊಡೆಯ ಚರ್ಮದಲ್ಲಿ ಚಮ್ಮಾವುಗೆ ಮಾಡಿದ ಸಮಗಾರನ ಕಥೆ ಶಾಲೆಯಲ್ಲಿ ಓದಿ, ಹೊರಗೆ ಬಂದು ಅದೇ ಕಸುಬಿನವರಿಗೆ ಕೆಲಸ ಬರುವುದಿಲ್ಲ ಅನ್ನುವುದು ಸರಿಯಾ? ಅಥಣಿ, ನಿಪ್ಪಾಣಿ ಕಡೆ ಬಂದು ನೋಡ್ರಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದು ಸುಮ್ಮನೆ ಅಲ್ಲ. ಒಂದು ಮೊಳೆ ಇಲ್ಲದೆ, ಚರ್ಮದ ದಾರದಲ್ಲೇ ಹೊಲಿಯುತ್ತಾರೆ. ಈ ಬ್ಯಾಗಿನ ಅಂಚೂ ಚರ್ಮದ ದಾರದ್ದೇ ಅಲ್ವಾ? ಹತ್ತು ರೂಪಾಯಿ ಕೊಟ್ಟು ನಿಂತಲ್ಲೇ ಹೊಲಿದು ಕೊಡು ಅಂದರೆ ಗೋಣಿಚೀಲದ ಹೊಲಿಗೆನೇ ಬರುತ್ತದೆ. ಕೂತು ಮಾತಾಡಿ, ಕೆಲಸಕ್ಕೆ ತಕ್ಕ ದುಡ್ಡು ಕೊಡಿ.

ಪೇಟೆ_ಬೀದಿ
ಸರಿ, ಹಾಗೆ ಬರೆಯಬಾರದಿತ್ತು. ನನಗೆ ಆದದ್ದು ಒಂದೇ ಸಲ, ಅದೂ ಬಸ್ ಬರುವಷ್ಟರಲ್ಲಿ ಹೊಲಿದು ಕೊಡಿ ಅಂತ ನಾನೇ ಅವಸರ ಮಾಡಿದ್ದೆ.

ನೀಲಿ_ಛತ್ರಿ
ಸ್ಪಾ ಬಗ್ಗೆ ನಾನು ಹೇಳುತ್ತೇನೆ. ಅಂಥ ಒಂದು ಕಡೆ ಕಂದು ಬ್ಯಾಗ್ ಕೊಟ್ಟೆ, ಮೇಲೆ ದಪ್ಪಗೆ ಪೇಂಟ್ ಹೊಡೆದು ಕೊಟ್ಟರು. ಎರಡು ಸಾವಿರ ರೂಪಾಯಿ. ಮೊದಲ ದಿನ ಹೊಸ ಕಾರಿನ ಹಾಗಿತ್ತು, ಆರು ತಿಂಗಳಿಗೆ ಮಡಿಕೆಯಲ್ಲಿ ಪೇಂಟ್ ಬಿರುಕು. ಚರ್ಮದ ಗೆರೆಗಳೆಲ್ಲ ಮುಚ್ಚಿಹೋದವು.

ರಟ್ಟು_ರಿಪೇರಿ
ಪಟ್ಟಿಗೆ ಒಂದು ಉಪಾಯ. ಬಿರುಕು ಒಮ್ಮೆ ಬಿಟ್ಟರೆ ಬೆಸೆಯುವುದಿಲ್ಲ, ಯಾವ ಕ್ರೀಮಿಗೂ. ಆದರೆ ಅದೇ ಬಣ್ಣದ ತೆಳು ಆಡಿನ ಚರ್ಮದ ಪಟ್ಟಿಯನ್ನು ಒಳಬದಿಗೆ ಅಂಟಿಸಿ, ಹಳೇ ತೂತುಗಳಲ್ಲೇ ದಾರ ಹಾಯಿಸಿದರೆ ಭಾರ ಹೊಸ ಚರ್ಮದ ಮೇಲೆ ಬೀಳುತ್ತದೆ. ಹೊಸ ತೂತು ಮಾಡಬೇಡಿ ಅಂತ ಹೇಳಿ. ಹತ್ತಿರ ಹತ್ತಿರ ತೂತು ಇದ್ದರೆ ಅಂಚೆಚೀಟಿ ಹರಿದ ಹಾಗೆ ಹರಿಯುತ್ತದೆ.

ಗುಂಡಿಯ ಸುತ್ತಲಿನ ಹಸಿರು, ಹಿತ್ತಾಳೆಯ ತಾಮ್ರ ಚರ್ಮದ ಕೊಬ್ಬಿನ ಜೊತೆ ಸೇರಿ ಆಗುವ ಮೇಣ. ಬಿದಿರಿನ ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಹುಣಸೆಹಣ್ಣು ಹಾಕಿ ಹೊಳೆಸಲು ಹೋಗಬೇಡಿ, ರಸ ಚರ್ಮಕ್ಕೆ ಇಳಿದರೆ ಕಲೆ. ಮತ್ತೆ ತೇವ ಇರುವಾಗ ಕಬ್ಬಿಣದ ಕ್ಲಿಪ್ಪು, ಪಿನ್ನು ಯಾವುದೂ ಮುಟ್ಟಬಾರದು. ತೊಗಟೆ ಹದದ ಚರ್ಮ, ಕಬ್ಬಿಣ, ನೀರು ಮೂರೂ ಸೇರಿದರೆ ಕಪ್ಪು ಮಸಿ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ.

ಹಳೇ_ಸಾಮಾನು
ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆಯೂ ಚರ್ಮ ಹದಕ್ಕೇ ಹೋಗುತ್ತಿತ್ತು. ಹಾಗೆ ಹದ ಮಾಡಿದ್ದು ಮದ್ರಾಸಿನಿಂದ ಹಡಗಿನಲ್ಲಿ ಹೊರದೇಶಕ್ಕೆ ಹೋಗಿ ಈಸ್ಟ್ ಇಂಡಿಯಾ ಲೆದರ್ ಅಂತ ಹೆಸರಾಯಿತು. ನಮ್ಮ ಅಜ್ಜಿ ಅದರ ಹೂವು ಒಣಗಿಸಿ ಕಷಾಯ ಮಾಡುತ್ತಿದ್ದರು. ಏನೋ ನೆನಪಾಯಿತು, ಹೇಳಿದೆ.

ಮಳೆಗಾಲದ_ಮನೆ
ಎರಡು ವಾರದ ವರದಿ. ಬ್ರಷ್ ಹೊಡೆದೆ, ಮೂರು ದಿನ ಬಿಟ್ಟು ಮತ್ತೆ ಹೊಡೆದೆ. ಬಚ್ಚಲ ಒಲೆಯ ಆಚೆ ಗೋಡೆಗೆ ಹತ್ತು ದಿನ ತೂಗುಹಾಕಿದ್ದೆ, ಅಮ್ಮ ಕೇಳಿದರೆ ಗೆಳತಿಯದು ಅಂತ ಹೇಳಬೇಕು ಅಂತಿದ್ದೆ, ಪುಣ್ಯಕ್ಕೆ ಅತ್ತ ಬರಲೇ ಇಲ್ಲ. ವಾಸನೆ ಮುಕ್ಕಾಲು ಹೋಗಿದೆ. ಜೇನುಮೇಣದ ಕ್ರೀಮನ್ನು ತಳದಲ್ಲಿ ಒಂದು ಕಡೆ ಹಚ್ಚಿ ಒಂದು ದಿನ ಕಾದೆ, ಬಣ್ಣ ಬಿಡಲಿಲ್ಲ. ಆಮೇಲೆ ಬೆರಳ ತುದಿಯಷ್ಟೇ ತೆಗೆದುಕೊಂಡು ಇಡೀ ಬ್ಯಾಗಿಗೆ ಸವರಿದೆ. ಕೆಂಪು ಹೂವು ಎದ್ದು ಬಂತು ನೋಡಿ, ಅಬ್ಬಾ!

ಪಟ್ಟಿಯನ್ನು ಸಾಗರ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರಿಗೆ ಕೊಟ್ಟೆ. ಬ್ಯಾಗ್ ನೋಡಿದವರೇ "ಇದು ಬಂಗಾಳದ ಕೆಲಸ" ಅಂದರು! ಎರಡು ದಿನ ಇಟ್ಟುಕೊಂಡು, ಹಳೇ ತೂತಲ್ಲೇ ಹೊಲಿದು ಕೊಟ್ಟರು. 150 ಕೇಳಿದರು, 300 ಕೊಟ್ಟೆ. ಬಸು ಅವರಿಗೆ ವಂದನೆ.

ಆದರೆ ಒಂದು ಗೊಂದಲ. ಮುಚ್ಚಳದ ಒಳಗಿನ ಪೆನ್ನಿನ ಬರಹ ಈಗ ಕಾಣುತ್ತಿದೆ. "ಎಲ್.ವಿ." ಅಂತಿದೆ. ಅಮ್ಮನ ಇನಿಶಿಯಲ್ ಅದಲ್ಲ.

ಪೇಟೆ_ಬೀದಿ
ಪೆನ್ನಿನ ಕಲೆ ತೆಗೆಯಲು ಹೇರ್ ಸ್ಪ್ರೇ ಹೊಡೆದು ಒರೆಸಿ.

ಹಳೇ_ಸಾಮಾನು
ಬೇಡ! ಅದರಲ್ಲೂ ಸ್ಪಿರಿಟ್ಟೇ ಇರುವುದು. ಗುಲಾಬಿ ಕೋಳಿ ಮರೆತಿರಾ? ಬರಹ ಹಾಗೇ ಇರಲಿ.

ಜರ್ಸಿ_ಜಯಾ
ಬರಹ ಇದ್ದರೇ ಚೆಂದ. ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ. ಒಳಗೆ ನ್ಯೂಸ್‌ಪೇಪರ್ ತುರುಕಬೇಡಿ, ಅಕ್ಷರ ಅಂಟುತ್ತದೆ. ನುಸಿಗುಳಿಗೆ ವಾಸನೆ ಜನ್ಮದಲ್ಲಿ ಹೋಗುವುದಿಲ್ಲ, ಅದೂ ಬೇಡ. ತಿಂಗಳಿಗೊಮ್ಮೆ ಹೊರಗೆ ತೆಗೆದು ಗಾಳಿಗೆ ಇಟ್ಟರೆ ಸಾಕು.

ಗುಂಡುರಾಯ
ಎಲ್.ವಿ. ಅಂದರೆ ಲೂಯಿ ವಿಟಾನ್, ಆ ದುಬಾರಿ ಬ್ಯಾಗಿನ ಫ್ರೆಂಚ್ ಕಂಪನಿ! ನಿಮ್ಮಮ್ಮ ಲಕ್ಷಾಧಿಪತಿ ಕಣ್ರೀ.

ಸುಮ್ನೆ_ಓದ್ತೀನಿ
😂😂 ಬಾಲ್‌ಪೆನ್ನಲ್ಲಿ ಬರೆದ ಲೂಯಿ ವಿಟಾನ್.

ಮಳೆಗಾಲದ_ಮನೆ
ನಿನ್ನೆ ಹುಟ್ಟುಹಬ್ಬ ಆಯಿತು. ಪಂಚೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅಮ್ಮ ಬಿಚ್ಚಿ ನೋಡಿದವರು ಮಾತೇ ಆಡಲಿಲ್ಲ. ಖುಷಿಗೆ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಇದು ಎಲ್ಲಿ ಸಿಕ್ತೇ ನಿಂಗೆ? ಇದು ನಂದಲ್ಲ" ಅಂದರು.

ಅವರ ಶಾಲೆಯಲ್ಲಿ ಹಿಂದಿ ಟೀಚರ್ ಒಬ್ಬರಿದ್ದರಂತೆ, ಕಲ್ಕತ್ತಾ ಟೂರಿಗೆ ಹೋದಾಗ ತಂದಿದ್ದರಂತೆ. ಒಂದು ಮದುವೆಗೆ ಅಂತ ಅಮ್ಮ ಇಸ್ಕೊಂಡಿದ್ದು. ನಾನು ಹೇಳಿದ ಫೋಟೋ ಅದೇ ಮದುವೆಯದು! ವಾಪಸ್ ಕೊಡುವಷ್ಟರಲ್ಲಿ ಆ ಟೀಚರ್‌ಗೆ ರಾಯಚೂರು ಕಡೆ ವರ್ಗ ಆಯಿತು. ನಾಚಿಕೆಗೆ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದರಂತೆ. 40 ವರ್ಷ!

ಗುಂಡುರಾಯ
ಹೋಗಲಿ, ಈಗ ವಾಪಸ್ ಕೊಡುತ್ತೀರೋ ಇಟ್ಟುಕೊಳ್ಳುತ್ತೀರೋ?

ಬೆಳಗಾವಿ_ಬಸು
ಕೊಡಬೇಕ್ರಿ. ಹೊಲಿಗೆ ಖರ್ಚು 300 ಮಾತ್ರ ಇಸ್ಕೊಳ್ರಿ.

ಮಳೆಗಾಲದ_ಮನೆ
ಅಮ್ಮ ಹಳೇ ಟೀಚರ್‌ಗಳ ವಾಟ್ಸಾಪ್ ಗುಂಪಿನಲ್ಲಿ ನಂಬರ್ ಕೇಳಿದ್ದಾರೆ, ಯಾರೋ ಕೊಡುತ್ತೇನೆ ಅಂದಿದ್ದಾರಂತೆ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಸಂತೆಗೆ ಅದನ್ನೇ ಹೆಗಲಿಗೆ ಹಾಕಿಕೊಂಡು ಹೋದರು. ಸೊಪ್ಪು ಮಾತ್ರ ಅದರೊಳಗೆ ಹಾಕಬೇಡಿ, ಒದ್ದೆ ಇರುತ್ತದೆ ಅಂತ ಕೂಗಿ ಹೇಳಿದೆ. ಕೇಳಿಸಿತೋ ಇಲ್ಲವೋ.